ಬ್ಯಾಕ್‌ಹೋ ಇದ್ದರೂ ಟಯರಿಗೆ ನೀರು ಬೇಕೇ?

ಮಣ್ಣು ಅಗೆಯುವ ತೋಳಾದ ಬ್ಯಾಕ್‌ಹೋ ಹಿಂದೆ ತೂಗುತ್ತಿರುವಾಗ ಹಿಂಬದಿಗೆ ಭಾರ ಸಾಲದು ಎಂಬ ಮಾತೇ ಇಲ್ಲ. ಆದರೂ ನಿಮ್ಮ ಸಣ್ಣ ಟ್ರ್ಯಾಕ್ಟರಿನ ಹಿಂದಿನ ಟಯರುಗಳಿಗೆ ನೀರು ತುಂಬಿಸಿ ಎಂದೇ ಹೇಳುತ್ತೇನೆ. ಬ್ಯಾಕ್‌ಹೋ ಭಾರ ಎತ್ತರದಲ್ಲಿ ನೇತಾಡುತ್ತದೆ, ಟಯರಿನ ನೀರು ನೆಲಕ್ಕೆ ಹತ್ತಿರ ಕೂರುತ್ತದೆ. ಇಳಿಜಾರಿನ ತೋಟದಲ್ಲಿ ಗಾಡಿ ಪಕ್ಕಕ್ಕೆ ಮಗುಚದಂತೆ ನೆರವಾಗುವುದು ಈ ತಗ್ಗಿನ ಭಾರವೇ. ಬ್ಯಾಕ್‌ಹೋ ಕಳಚಿ ಮುಂದಿನ ಲೋಡರಿನಲ್ಲಿ ಗೊಬ್ಬರ ಎತ್ತುವ ದಿನವಂತೂ ಹಿಂದಿನ ಚಕ್ರ ಹಗುರಾಗಿ ಜಾರುವುದು ಕಡಿಮೆಯಾಗುತ್ತದೆ.

ಆಕ್ಸಲ್ ಸವೆಯುತ್ತದೆಂಬ ಭಯ ಬೇಡ: ನಿಂತ ಗಾಡಿಯಲ್ಲಿ ನೀರಿನ ಭಾರ ಟಯರಿನಿಂದ ನೇರ ನೆಲಕ್ಕೇ ಇಳಿಯುತ್ತದೆ. ಈ ಭಾರ ಮೆತ್ತನೆ ಮಣ್ಣನ್ನು ಒತ್ತುತ್ತದೆ, ಪಂಕ್ಚರ್ ಹಾಕುವುದು ಕಷ್ಟ ಎಂಬ ಆಕ್ಷೇಪ ಮಾತ್ರ ನಿಜ. ಗದ್ದೆ ಕೆಲಸವೇ ಹೆಚ್ಚಿದ್ದರೆ ಬಿಟ್ಟುಬಿಡಿ. ತುಂಬಿಸುವಾಗ ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ತಿರುಗಿಸಿ, ಅದರ ಮಟ್ಟದವರೆಗೆ, ಅಂದರೆ ಸುಮಾರು ಶೇ 75, ನೀರು ಬಿಡಿ, ಉಳಿದದ್ದು ಗಾಳಿ. ನಮ್ಮಲ್ಲಿ ನೀರು ಹೆಪ್ಪುಗಟ್ಟದು, ಹಾಗಾಗಿ ಅದನ್ನು ತಡೆಯಲೆಂದು ಹಾಕುವ, ರಿಮ್ ತಿನ್ನುವ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಬೇಡಿ.