ತಿಳಿವಳಿಕೆ ಹರಿಯುವ ದಾರಿ: ಕರ್ನಾಟಕದ ಹಳ್ಳಿಗಳ ಅಧ್ಯಯನದಿಂದ ವರ್ತಕರಿಗೆ ಪಾಠ

ಸರಕಿಗೆ ದಾಸ್ತಾನು ಪುಸ್ತಕವಿದೆ, ಹಣಕ್ಕೆ ರೋಕಡ ಪುಸ್ತಕವಿದೆ. ಆದರೆ ತಿಳಿವಳಿಕೆ ಯಾರಿಂದ ಬಂದಿತು, ಯಾರ ಬಳಿ ನಿಂತುಹೋಯಿತು ಎಂಬುದಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ಇದರಿಂದಾಗುವ ನಷ್ಟ ಮಾತ್ರ ನಿಜವಾದದ್ದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರ ಹಣವನ್ನು ಗರಿಷ್ಠ 45 ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟಿನಂತೆ ಚಕ್ರಬಡ್ಡಿ ತೆರಬೇಕು. ಈ ಸಂಗತಿ ಕಿವಿಗೆ ಬೀಳದ ಉತ್ಪಾದಕನು ಬಾಕಿಗಾಗಿ ಅಲೆಯುವುದಲ್ಲದೆ, ತನಗೆ ಸಲ್ಲಬೇಕಾದ ಬಡ್ಡಿಯನ್ನೂ ಕಳೆದುಕೊಳ್ಳುತ್ತಾನೆ.

ದೂರದ ಪರಿಚಯದ ಬೆಲೆ

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಮೈಲಿಗಲ್ಲು. ಪರಿಚಯಸ್ಥರ ಮೂಲಕ ಉದ್ಯೋಗ ಪಡೆದವರನ್ನು ಅವರು ವಿಚಾರಿಸಿದಾಗ, ಆ ಪರಿಚಯಸ್ಥರನ್ನು ಆಗಾಗ್ಗೆ ಕಾಣುತ್ತಿದ್ದವರು ಶೇ. 16.7 ಮಾತ್ರವೆಂದು ತಿಳಿದುಬಂದಿತು. ಉಳಿದವರಿಗೆ ಸುದ್ದಿ ಕೊಟ್ಟವರು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುತ್ತಿದ್ದ ಪರಿಚಯಸ್ಥರು. ಆಪ್ತರು ಬಲ್ಲದ್ದು ಬಹುಮಟ್ಟಿಗೆ ನಾವೂ ಬಲ್ಲದ್ದೇ ಆಗಿರುವುದರಿಂದ, ಹೊಸ ಸುದ್ದಿ ಹೊರಗಿನಿಂದಲೇ ಬರಬೇಕಾಗುತ್ತದೆ.

ಮೊದಲು ಯಾರಿಗೆ ಹೇಳಬೇಕು?

ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ ಮತ್ತು ಮ್ಯಾಥ್ಯೂ ಜಾಕ್ಸನ್ ಅವರು ಕರ್ನಾಟಕದ 75 ಹಳ್ಳಿಗಳ ಸಂಪರ್ಕಜಾಲವನ್ನು ದಾಖಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವುಗಳ ಪೈಕಿ 43 ಹಳ್ಳಿಗಳಲ್ಲಿ ಒಂದು ಕಿರುಸಾಲ ಸಂಸ್ಥೆಯು ತನ್ನ ಯೋಜನೆಯನ್ನು ಮೊದಲು ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಗುಂಪಿನ ಮುಖಂಡರು ಮೊದಲಾದವರಿಗೆ ತಿಳಿಸಿತ್ತು. ಹೀಗೆ ಮೊದಲು ತಿಳಿದವರು ಜಾಲದ ನಡುಭಾಗದಲ್ಲಿದ್ದ ಹಳ್ಳಿಗಳಲ್ಲಿ ಸಾಲ ಪಡೆದ ಕುಟುಂಬಗಳ ಪ್ರಮಾಣವೂ ಹೆಚ್ಚಾಗಿತ್ತು. ಸಾಲ ಪಡೆದವರು ಪಡೆಯದವರಿಗಿಂತ ಏಳು ಪಟ್ಟು ಹೆಚ್ಚಾಗಿ ಸುದ್ದಿ ಹರಡುತ್ತಾರೆ. ಆದರೂ ಒಟ್ಟು ಸೇರ್ಪಡೆಯ ಸುಮಾರು ಮೂರನೆಯ ಒಂದು ಭಾಗವು ಪಡೆಯದವರ ಬಾಯಿಮಾತಿನ ಫಲ ಎಂದು ಸಂಶೋಧಕರು ಅಂದಾಜಿಸಿದರು.

ಇದೇ ತಂಡವು 2019ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಸರಳವಾದದ್ದು. ರಾಜ್ಯದ 213 ಹಳ್ಳಿಗಳಲ್ಲಿ, ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲ್ ಅಥವಾ ನಗದು ಬಹುಮಾನ ಗೆಲ್ಲುವ ಅವಕಾಶವುಂಟೆಂದು ಕೆಲವೇ ಜನರಿಗೆ ಹೇಳಲಾಯಿತು. ಒಂದು ಗುಂಪಿನ ಹಳ್ಳಿಗಳಲ್ಲಿ ಅವರನ್ನು ಚೀಟಿ ಎತ್ತಿದಂತೆ ಆರಿಸಲಾಗಿತ್ತು. ಎರಡನೆಯದರಲ್ಲಿ ಊರ ಹಿರಿಯರನ್ನು ಆರಿಸಲಾಗಿತ್ತು. ಮೂರನೆಯದರಲ್ಲಿ, ‘ಸುದ್ದಿ ಹರಡಲು ಯಾರು ಸೂಕ್ತ?’ ಎಂಬ ಪ್ರಶ್ನೆಗೆ ಊರವರೇ ಸೂಚಿಸಿದವರನ್ನು ಆರಿಸಲಾಗಿತ್ತು. ಚೀಟಿಯ ಹಳ್ಳಿಗಳಿಂದ ಸರಾಸರಿ 8.1 ಕರೆಗಳು ಬಂದರೆ, ಊರವರು ಸೂಚಿಸಿದವರ ಹಳ್ಳಿಗಳಿಂದ 11.7 ಬಂದವು. ಹಿರಿಯರಿಗೆ ಹೇಳಿದ್ದರಿಂದ ಚೀಟಿಗಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ. ಸ್ಥಾನಮಾನವೇ ಬೇರೆ, ಸುದ್ದಿ ಮುಟ್ಟಿಸುವ ಶಕ್ತಿಯೇ ಬೇರೆ.

ಗಮನಿಸಬೇಕಾದ ಅಂಶಗಳು

1. ಸಂಘದ ಸುತ್ತೋಲೆ ಪದಾಧಿಕಾರಿಗಳಿಗೆ ತಲುಪಿದೊಡನೆ ಎಲ್ಲ ಸದಸ್ಯರಿಗೂ ತಲುಪಿತೆಂದು ಭಾವಿಸಲಾಗದು. ‘ಹೊಸ ನಿಯಮ ಬಂದರೆ ಯಾರನ್ನು ಕೇಳುತ್ತೀರಿ?’ ಎಂದು ಹತ್ತಾರು ಸದಸ್ಯರನ್ನು ವಿಚಾರಿಸಿದರೆ, ಪದೇ ಪದೇ ಬರುವ ಹೆಸರುಗಳೇ ಉತ್ತರ. ಅದು ಗುಮಾಸ್ತರದೋ ಸಾರಿಗೆ ಏಜೆಂಟರದೋ ಆಗಿರಬಹುದು.

2. ಹೊಸ ಸರಕನ್ನು ಪರಿಚಯಿಸುವಾಗ ದೊಡ್ಡ ಖರೀದಿದಾರನೊಬ್ಬನನ್ನೇ ನೆಚ್ಚದೆ, ಹಲವು ಅಂಗಡಿಗಳೊಡನೆ ಒಡನಾಟವಿರುವವನಿಗೂ ಮಾದರಿ ಕೊಡುವುದು ಲೇಸು.

3. ಬೇರೆ ಊರಿನ, ಬೇರೆ ವ್ಯವಹಾರದ ಪರಿಚಯಗಳನ್ನು ವರ್ಷಕ್ಕೊಮ್ಮೆಯಾದರೂ ನವೀಕರಿಸಿಕೊಳ್ಳಬೇಕು.

4. ಬಹುಮಾನದ ಸುದ್ದಿ ಒಂದೇ ವಾಕ್ಯದ್ದು. ತೆರಿಗೆಯ ನಿಯಮ ಹಾಗಲ್ಲ. ಬಾಯಿಂದ ಬಾಯಿಗೆ ಹೋಗುವಾಗ ದಿನಾಂಕವೂ ದರವೂ ಬದಲಾಗಬಹುದು. ಆದ್ದರಿಂದ ಸುದ್ದಿ ಮಾತಿನಲ್ಲಿ ಬಂದರೂ, ನಿರ್ಧಾರವನ್ನು ಲಿಖಿತ ಆದೇಶ ನೋಡಿಯೇ ಕೈಗೊಳ್ಳಬೇಕು.

ಇದಕ್ಕೆ ಬಂಡವಾಳ ಬೇಕಿಲ್ಲ. ಬಾಕಿ ವಸೂಲಿಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆಯಿಟ್ಟು, ಕಳೆದ ವರ್ಷದ ಉಪಯುಕ್ತ ಸುದ್ದಿಗಳು ಯಾರಿಂದ ಬಂದವು, ತಡವಾಗಿ ಬಂದವು ಯಾವುವು ಎಂದು ಬರೆದುಕೊಂಡರೆ ಸಾಕು. ಎಲ್ಲ ಹೆಸರುಗಳೂ ಒಂದೇ ಬೀದಿಯವಾಗಿದ್ದರೆ, ಉದ್ಯಮಿಯು ತನ್ನ ಪರಿಚಯದ ವಲಯವನ್ನು ವಿಸ್ತರಿಸಿಕೊಳ್ಳಬೇಕೆಂಬುದಕ್ಕೆ ಆ ಹಾಳೆಯೇ ಸಾಕ್ಷಿ.