ತೋಟದ ಕೆಲಸದ ಬಸುರಿಯರು ಮತ್ತು ಕುಡುಗೋಲು ಕಣ ರೋಗ



ಕಾಂಡಕೊರಕ, ಕೊಳೆರೋಗಗಳ ವಿಚಾರ ಬರೆಯುವ ಈ ಪುಟದಲ್ಲಿ ಈ ಸಲ ಮನುಷ್ಯರ ರಕ್ತದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಕೊಯ್ಲಿಗೆ ಬಂದ ಬಸುರಿಯೊಬ್ಬಳು ಕೈಕಾಲು ನೋವೆಂದು ಕುಳಿತರೆ ಸೋಮಾರಿತನವೆಂದೂ, ಕಣ್ಣು ಹಳದಿಯಾದರೆ ಕಾಮಾಲೆಯೆಂದೂ, ಮುಖ ಬಿಳಿಚಿಕೊಂಡರೆ ಕಬ್ಬಿಣದ ಮಾತ್ರೆ ಸಾಕೆಂದೂ ತೀರ್ಮಾನಿಸುವವರೇ ಹೆಚ್ಚು. ಈ ಮೂರೂ ಒಂದೇ ರೋಗದ ಲಕ್ಷಣಗಳಾಗಿರಬಹುದು.

ಅದು ಕುಡುಗೋಲು ಕಣ ರೋಗ. ಆಸ್ಪತ್ರೆಯವರು ಸಿಕಲ್ ಸೆಲ್ ಎನ್ನುತ್ತಾರೆ. ಆರೋಗ್ಯವಂತರ ಕೆಂಪು ರಕ್ತಕಣ ದುಂಡಗೆ, ಮೆತ್ತಗಿದ್ದು ಅತಿ ಸಣ್ಣ ನಾಳದಲ್ಲೂ ನುಸುಳಿ ಹೋಗುತ್ತದೆ. ಈ ರೋಗದಲ್ಲಿ ಕಣವು ಆಮ್ಲಜನಕ ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗಿ, ಗಡುಸಾಗಿ, ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ತಡೆಯಲಾರದ ನೋವು. 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲೇ ಒಡೆಯುವುದರಿಂದ ರಕ್ತಹೀನತೆ. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ರೋಗ; ಒಬ್ಬರಿಂದ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರೇ. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಗಂಡನ ರಕ್ತವನ್ನೂ ಮೊದಲ ತಿಂಗಳುಗಳಲ್ಲೇ ಪರೀಕ್ಷಿಸಬೇಕು.

ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟಿನವರಲ್ಲಿ. ನಮ್ಮ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗರಲ್ಲೂ ಇದೆ. ಈಗ ಲೈನುಗಳಿಗೆ ಬರುತ್ತಿರುವ ಒಡಿಶಾ, ಛತ್ತೀಸ್‌ಗಢದವರ ಊರುಗಳಲ್ಲೂ ಇದೆ. 2023ರ ಜುಲೈ 1ರಂದು ಆರಂಭವಾದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಇದರ ಪರೀಕ್ಷೆ ಸೇರಿದೆ. ಪರೀಕ್ಷೆಯ ದಿನ ಕೂಲಿ ಕಡಿಯದೆ ಕಳುಹಿಸಿಕೊಡುವುದು ಮಾಲೀಕರ ಕೈಯಲ್ಲಿದೆ.

ಬಸಿರಿನಲ್ಲಿ ನೋವಿನ ಬಾಧೆ ಹೆಚ್ಚುತ್ತದೆ. ಸೋಂಕು, ರಕ್ತದೊತ್ತಡ, ತಿಂಗಳು ತುಂಬುವ ಮೊದಲೇ ಹೆರಿಗೆ, ತೂಕ ಕಡಿಮೆಯ ಕೂಸು, ಇವೆಲ್ಲದರ ಅಪಾಯ ಇತರರಿಗಿಂತ ಅಧಿಕ. ಆದರೂ ಸರಿಯಾದ ಆರೈಕೆ ಸಿಕ್ಕರೆ ತಾಯಿ ಮಗು ಕ್ಷೇಮವಾಗಿ ಮನೆಗೆ ಬರುವುದು ಸಾಧ್ಯ. ಹೊಸ ಕಣಗಳ ಉತ್ಪತ್ತಿಗೆ ಫೋಲಿಕ್ ಆಮ್ಲ, ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ, ವೈದ್ಯರು ಕೊಡುತ್ತಾರೆ. ಕಬ್ಬಿಣದ ಮಾತು ಬೇರೆ. ಹಲವು ಸಲ ರಕ್ತ ಹಾಕಿಸಿಕೊಂಡವಳ ಮೈಯಲ್ಲಿ ಕಬ್ಬಿಣ ಈಗಾಗಲೇ ಮಿತಿಮೀರಿರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಸುರಿಯುವುದಿಲ್ಲವಷ್ಟೆ, ಹಾಗೆಯೇ ಇದೂ. ಹೈಡ್ರಾಕ್ಸಿಯೂರಿಯಾ ಮಾತ್ರೆ ನುಂಗುತ್ತಿರುವವಳು ಮಗು ಬೇಕೆನಿಸಿದಾಗಲೇ ವೈದ್ಯರನ್ನು ಕೇಳಬೇಕು. ಸಾಮಾನ್ಯವಾಗಿ ಬಸಿರಿಗೆ ಮೂರು ತಿಂಗಳು ಮೊದಲೇ ಅದನ್ನು ನಿಲ್ಲಿಸುತ್ತಾರೆ. ಅಂಗಡಿಯ ನೋವಿನ ಗುಳಿಗೆಗಳಲ್ಲಿ ಕೆಲವು ಬಸಿರಿಗೆ ಆಗಿಬರುವುದಿಲ್ಲ. ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ, ಮೂತ್ರ ನೋಡಿಸಬೇಕು. ಹೆರಿಗೆ ಲೈನಿನಲ್ಲಂತೂ ಕೂಡದು. ರಕ್ತ ದೊರೆಯುವ ಆಸ್ಪತ್ರೆಯನ್ನೇ ಮೊದಲು ಗೊತ್ತುಮಾಡಿಟ್ಟುಕೊಳ್ಳಬೇಕು.

ಇನ್ನು ತೋಟದ ಪಾಲು. ಈ ನೋವನ್ನು ಕೆರಳಿಸುವವು ಚಳಿ, ಒದ್ದೆ, ಬಾಯಾರಿಕೆ, ಅತಿ ದುಡಿಮೆ. ನಾಲ್ಕೂ ನಮ್ಮ ತೋಟಗಳಲ್ಲಿ ಹೇರಳ. ಧನುರ್ಮಾಸದ ಇಬ್ಬನಿಯಲ್ಲಿ ಬೆಳಿಗ್ಗೆಯೇ ಕಾಫಿ ಕೊಯ್ಯಲು ಇವಳನ್ನು ಇಳಿಸಬಾರದು. ಆಷಾಢದ ಮಳೆಯಲ್ಲಿ ನೆನೆದರೆ ಬಟ್ಟೆ ಬದಲಿಸಿ ಒಲೆಯ ಬಳಿ ಕೂರಲು ಬಿಡಬೇಕು. ಚೀಲ ಹೊರಿಸದೆ ಕಣದಲ್ಲಿ ಹಣ್ಣು ಆರಿಸುವಂಥ ಹಗುರ ಕೆಲಸ ಕೊಡಬಹುದು. ನೀರಿನ ವಿಚಾರ ಸ್ವಲ್ಪ ಸೂಕ್ಷ್ಮ. ಕುಡಿಯುವ ನೀರಿಟ್ಟರೂ ಹೆಂಗಸರು ಕುಡಿಯುವುದಿಲ್ಲ. ತೋಟದಲ್ಲಿ ಮರೆಯಾದ ಜಾಗವಿಲ್ಲವೆಂದು ಸಂಜೆಯವರೆಗೆ ತಡೆದಿರುತ್ತಾರೆ. ನಾಲ್ಕು ತಗಡು ನಿಲ್ಲಿಸಿ ಒಂದು ಪಾಯಿಖಾನೆ ಮಾಡಿಸಿದರೆ ಅದೂ ಔಷಧವೇ.

ಯಾರ ರಕ್ತದಲ್ಲಿ ಏನಿದೆಯೆಂಬುದು ಮೇಸ್ತ್ರಿಯ ಬಾಯಿಗೆ ಬೀಳಬಾರದು. ಇದನ್ನೇ ನೆವ ಮಾಡಿ ಕೆಲಸ ತಪ್ಪಿಸುವುದು ಅನ್ಯಾಯ. ಎದೆನೋವು, ಉಸಿರುಕಟ್ಟುವಿಕೆ, ಜ್ವರ, ಕಣ್ಣು ಮಂಜಾಗುವ ತಲೆನೋವು, ರಕ್ತಸ್ರಾವ, ಮಗುವಿನ ಚಲನೆ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಜೀಪು ಹೊರಡಿಸಿರಿ. ರಕ್ತಪರೀಕ್ಷೆಯ ಚೀಟಿಯೂ ಜೊತೆಯಲ್ಲಿರಲಿ.