ಗುಡ್ಡದ ಹುಲ್ಲು: ಕುಡುಗೋಲು, ಬರ, ಜೋರು ಮಳೆ

ಬಾದಾಮಿ ಗುಡ್ಡ ಅಂದ್ರೆ ನಮಗೆ ನೆನಪಾಗೋದು ಗುಹೆಗಳು, ಅಗಸ್ತ್ಯತೀರ್ಥ, ಕೆಂಪು ಬಂಡೆ. ಆ ಬಂಡೆಗಳ ನಡುವೆ ಬೆಳೆಯೋ ಹುಲ್ಲನ್ನು ನಾವು ಗಮನಿಸೋದೇ ಇಲ್ಲ. ಹೊಲ ಇದ್ದವರ ದನಕ್ಕೆ ಜೋಳದ ಕಣಿಕೆ ಸಿಗುತ್ತೆ. ಹೊಲ ಇಲ್ಲದವರ ಎಮ್ಮೆ, ಕುರಿ, ಆಡುಗಳಿಗೆ ಗುಡ್ಡ ಮತ್ತು ಗಾಯರಾಣದ ಹುಲ್ಲೇ ಆಧಾರ. ಬರ ಮತ್ತು ಜೋರು ಮಳೆ ಒಂದರ ಹಿಂದೆ ಒಂದು ಬರೋ ಈ ಕಾಲದಲ್ಲಿ ಆ ಹುಲ್ಲು ಉಳಿಯಬೇಕಾದರೆ, ಎಷ್ಟು ಕೊಯ್ತೀವಿ ಅನ್ನೋದರ ಜೊತೆಗೆ ಯಾವಾಗ, ಎಷ್ಟು ಎತ್ತರಕ್ಕೆ ಕೊಯ್ತೀವಿ ಅನ್ನೋದೂ ಮುಖ್ಯ.

ನೆಲ ಎಂಥದ್ದು?

ನಮ್ಮ ಬಾಗಲಕೋಟೆ ಜಿಲ್ಲೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ವರ್ಷದ ಸರಾಸರಿ ಮಳೆ 600 ಮಿ.ಮೀ. ಒಳಗೇ. ಹುನಗುಂದ ಕಡೆಯ ಎರಿ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತೆ. ಬಾದಾಮಿಯ ಮರಳುಗಲ್ಲಿನ ಗುಡ್ಡ, ಇಳಕಲ್ ಸುತ್ತಿನ ಗ್ರಾನೈಟ್ ದಿಬ್ಬಗಳಲ್ಲಿ ಹಾಗಲ್ಲ. ಅಲ್ಲಿ ಮೇಲೆ ತೆಳುವಾದ ಮಣ್ಣು, ಕೆಳಗೆ ಬಂಡೆ. ಮಳೆ ನಿಂತರೆ ಬೇಗ ಒಣಗುತ್ತೆ.

ಕೊಯ್ದಾಗ ಏನಾಗುತ್ತೆ?

ಹುಲ್ಲಿನ ಬೆಳೆಯೋ ಭಾಗ ಬುಡದಲ್ಲಿ, ನೆಲಕ್ಕೆ ಹತ್ತಿರ ಇರುತ್ತೆ. ಅದಕ್ಕೇ ಕೊಯ್ದರೂ ಮೇಯಿಸಿದರೂ ಅದು ಮತ್ತೆ ಚಿಗುರುತ್ತೆ. ಆದರೆ ಹೊಸ ಎಲೆಗೆ ಬೇಕಾದ ಸಕ್ಕರೆ, ಪಿಷ್ಟ ಉಳಿದ ಎಲೆಯಿಂದ ಮತ್ತು ಬುಡ, ಬೇರಿನಲ್ಲಿ ಕೂಡಿಟ್ಟದ್ದರಿಂದ ಬರಬೇಕು. ಎಲೆ ಸೋಲಾರ್ ಪ್ಯಾನೆಲ್ ಆದರೆ ಬುಡ ಬ್ಯಾಟರಿ ಇದ್ದ ಹಾಗೆ. ಅರ್ಧಕ್ಕಿಂತ ಹೆಚ್ಚು ಎಲೆ ಒಮ್ಮೆಲೇ ಹೋದರೆ ಬೇರಿನ ಬೆಳವಣಿಗೆ ಕೆಲವು ದಿನ ಕುಂಟುತ್ತೆ. ಬ್ಯಾಟರಿ ತುಂಬೋ ಮೊದಲೇ ಮತ್ತೆ ಕೊಯ್ದರೆ, ಅದರ ಮೇಲೆ ಬರವೂ ಬಂದರೆ, ಬುಡವೇ ಸಾಯುತ್ತೆ.

2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಅಂಥ ವರ್ಷದಲ್ಲೇ ಮೇವಿನ ಕೊರತೆ ಜಾಸ್ತಿ, ಕುಡುಗೋಲು ಇನ್ನಷ್ಟು ಕೆಳಗೆ ಇಳಿಯುತ್ತೆ. ಹುಲ್ಲಿಗೆ ಬಿಡುವು ಬೇಕಾದ ಹೊತ್ತಿಗೇ ಅದರ ಮೇಲೆ ಹೆಚ್ಚು ಭಾರ ಬೀಳುತ್ತೆ.

ತಿರುಗೋ ಬೀಜ

ಗುಡ್ಡ ಹತ್ತಿ ಇಳಿದಾಗ ಪ್ಯಾಂಟಿಗೆ ಚುಚ್ಚಿಕೊಳ್ಳೋ ಚೂಪಾದ ಹುಲ್ಲಿನ ಬೀಜ ಗೊತ್ತಲ್ಲ? ಅಂಥ ಒಂದು ಹುಲ್ಲಿನ ಹೆಸರು ಹೆಟೆರೊಪೋಗನ್ ಕಂಟಾರ್ಟಸ್. ಬೀಜದ ಹಿಂದಿರೋ ತಿರುಚಿದ ಬಾಲ ತೇವ ತಗುಲಿದರೆ ಬಿಚ್ಚಿಕೊಳ್ಳುತ್ತೆ, ಒಣಗಿದರೆ ಸುತ್ತಿಕೊಳ್ಳುತ್ತೆ. ಹೀಗೆ ತಿರುಗುತ್ತಾ ಬೀಜವನ್ನು ಸ್ಕ್ರೂ ಹಾಗೆ ಮಣ್ಣೊಳಗೆ ಇಳಿಸುತ್ತೆ. ಮೋಟರ್ ಬೇಡ, ಕರೆಂಟ್ ಬೇಡ!

ಕಷ್ಟ ಇರೋದು ಇಲ್ಲೇ. ಬೀಜ ಕಟ್ಟೋ ಮೊದಲು ಕೊಯ್ದ ಹುಲ್ಲು ಮೆತ್ತಗೆ, ಸತ್ವವೂ ಜಾಸ್ತಿ. ತಡಮಾಡಿದರೆ ದಂಟು ಗಡುಸಾಗುತ್ತೆ, ಬೀಜ ಕುರಿಯ ಬಾಯಿಗೆ, ಚರ್ಮಕ್ಕೆ ಚುಚ್ಚುತ್ತೆ. ಆದರೆ ಇಡೀ ಗುಡ್ಡವನ್ನು ಪ್ರತಿವರ್ಷ ಬೇಗ ಕೊಯ್ದರೆ ಬರದಲ್ಲಿ ಸತ್ತ ಬುಡಗಳ ಜಾಗ ತುಂಬೋಕೆ ಬೀಜವೇ ಇರಲ್ಲ.

ಜೋರು ಮಳೆ ಬಂದರೆ?

5 ಮಿ.ಮೀ. ವ್ಯಾಸದ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತೆ. ಹುಲ್ಲಿದ್ದರೆ ಆ ಪೆಟ್ಟು ಎಲೆ ಮೇಲೆ, ಇಲ್ಲದಿದ್ದರೆ ನೇರ ಮಣ್ಣಿನ ಮೇಲೆ. 50 ಮಿ.ಮೀ. ಮಳೆ ಅಂದ್ರೆ ಒಂದು ಹೆಕ್ಟೇರಿಗೆ 5 ಲಕ್ಷ ಲೀಟರ್ ನೀರು. ಕೊಯ್ದ ಮೇಲೆ ಉಳಿದ ಕೂಳೆ ಅದರ ವೇಗ ತಗ್ಗಿಸಿ ಇಂಗೋಕೆ ಸಮಯ ಕೊಡುತ್ತೆ. ಬೋಳು ಇಳಿಜಾರಿನಲ್ಲಿ ನೀರಿನ ಜೊತೆ ಮಣ್ಣೂ ಹೋಗುತ್ತೆ. ಬಂಡೆ ಒಡೆದು ಮತ್ತೆ ಅಷ್ಟು ಮಣ್ಣಾಗೋಕೆ ನೂರಾರು ವರ್ಷ ಬೇಕು.

2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿಗೆ ನುಗ್ಗಿದ ಮಲಪ್ರಭೆಯ ನೀರು ಮೇಲಿನ ಘಟ್ಟದಿಂದ ಬಂದದ್ದು. ಅದನ್ನು ನಮ್ಮ ಗುಡ್ಡದ ಹುಲ್ಲು ತಡೆಯೋಕಾಗಲ್ಲ. ನಮ್ಮ ಗುಡ್ಡದ ಮಣ್ಣನ್ನು ಮಾತ್ರ ಅದು ಖಂಡಿತ ಹಿಡಿದಿಡುತ್ತೆ.

ಹಾಗಾದ್ರೆ ಕೊಯ್ಯಲೇಬಾರದಾ?

ಹಾಗಲ್ಲ. ಪೂರ್ತಿ ಬಿಟ್ಟರೆ ಹಳೇ ಒಣಹುಲ್ಲು ಕೂಡಿ ಚಿಗುರಿಗೆ ಬೆಳಕು ಸಿಗಲ್ಲ, ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಕೊಯ್ಯೋದು ನಿಲ್ಲಿಸಿದ ಎಷ್ಟೋ ಹುಲ್ಲುಗಾವಲುಗಳಲ್ಲಿ ಪೊದೆ, ಮರ ಬೆಳೆದು ಹುಲ್ಲೇ ಕಡಿಮೆಯಾಗಿದೆ. ನಮ್ಮಲ್ಲಿ ಮಾಡಬಹುದಾದದ್ದು ಇಷ್ಟು:

1. ಬುಡದಿಂದ ಅಂಗೈಯಗಲ, ಅಂದ್ರೆ ಸುಮಾರು 10 ಸೆಂ.ಮೀ. ಕೂಳೆ ಬಿಡೋದು.
2. ಗುಡ್ಡವನ್ನು ಮೂರು ಭಾಗ ಮಾಡಿ, ಪ್ರತಿವರ್ಷ ಒಂದು ಭಾಗದಲ್ಲಿ ಬೀಜ ಉದುರೋ ತನಕ ಕಾಯೋದು. ಮುಂದಿನ ವರ್ಷ ಬೇರೆ ಭಾಗ.
3. ಬರದ ನಂತರದ ಮೊದಲ ಮಳೆಗೆ ಬಂದ ಚಿಗುರನ್ನು ಕೂಡಲೇ ಕೊಯ್ಯದೆ, ಮೇಯಿಸದೆ ಕೆಲವು ವಾರ ಬಿಡೋದು.

ಹೊಲ ಇಲ್ಲದವರಿಗೆ ಮಾತ್ರ "ಕಾಯಿರಿ" ಅಂದರೆ ಅನ್ಯಾಯ. ಕಾಯೋ ಆ ದಿನಗಳಿಗೆ ಬೇರೆ ಮೇವು ಸಿಗೋ ಹಾಗೆ ಊರವರೆಲ್ಲ ಸೇರಿ ವ್ಯವಸ್ಥೆ ಮಾಡಬೇಕು.

ನಾವೇನು ಮಾಡಬಹುದು?

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದೇ ಹುಲ್ಲುಗಾವಲನ್ನು ಪ್ರತಿವರ್ಷ ಕೊಯ್ದು ಲೆಕ್ಕ ಇಡ್ತಿದ್ದಾರೆ. ನಾವು ಕ್ಯಾಂಪಸ್ಸಿನ ಖಾಲಿ ಜಾಗದಲ್ಲೇ ಶುರು ಮಾಡಬಹುದು. 1 ಮೀಟರ್ ಚೌಕದ ಮೂರು ತುಂಡು ಗುರುತಿಸೋಣ. ಒಂದನ್ನು ನೆಲಮಟ್ಟಕ್ಕೆ, ಇನ್ನೊಂದನ್ನು 10 ಸೆಂ.ಮೀ. ಬಿಟ್ಟು ಕೊಯ್ಯೋಣ, ಮೂರನೆಯದನ್ನು ಹಾಗೇ ಬಿಡೋಣ. ತಿಂಗಳಿಗೊಮ್ಮೆ ಫೋಟೋ, ಹುಲ್ಲಿನ ಎತ್ತರ, ಬರಿಯ ನೆಲ ಎಷ್ಟು ಅನ್ನೋ ಲೆಕ್ಕ. ನಾವು ಪಾಸಾಗಿ ಹೋಗುವಾಗ ನೋಟ್‌ಬುಕ್ಕನ್ನು ಜೂನಿಯರ್‌ಗಳ ಕೈಗೆ ಕೊಟ್ಟರೆ ಒಂದು ಬರ, ಒಂದು ಜೋರು ಮಳೆ ಖಂಡಿತ ಅದರಲ್ಲಿ ದಾಖಲಾಗುತ್ತೆ.